ಬಾಟಲಿಯ ಮೇಲಿನ ತೋಟ ಯಾರದ್ದು?

ಗೇರುಬೀಜದ ಪೊಟ್ಟಣದ ಮೇಲೆ 'ಡಬ್ಲ್ಯು-240', 'ಡಬ್ಲ್ಯು-320' ಎಂದು ಬರೆದಿರುವುದನ್ನು ಕುಂದಾಪುರ ಕಡೆಯವರು ನೋಡದೇ ಇರಲಿಕ್ಕಿಲ್ಲ. ನಮ್ಮಲ್ಲಿ ಗೇರುಬೀಜ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರಿಲ್ಲದ ಊರು ಕಡಿಮೆ. ಆ ಅಕ್ಷರದ ಅರ್ಥ ಬಿಳಿ ಬಣ್ಣದ, ಒಡೆಯದ ಇಡೀ ಬೀಜ. ಸಂಖ್ಯೆಯ ಅರ್ಥ ಒಂದು ಪೌಂಡ್ ತೂಕಕ್ಕೆ, ಅಂದರೆ ಸುಮಾರು 454 ಗ್ರಾಂಗೆ, ಹೆಚ್ಚೆಂದರೆ ಅಷ್ಟು ಬೀಜ. ಸಂಖ್ಯೆ ಇಳಿದಷ್ಟೂ ಬೀಜ ದೊಡ್ಡದು, ಬೆಲೆ ಜಾಸ್ತಿ. ಈ ದರ್ಜೆ ಬೀಜದ ಗಾತ್ರ ಹೇಳುತ್ತದೆ, ಬಣ್ಣ ಹೇಳುತ್ತದೆ. ಆದರೆ ಆ ಬೀಜ ಯಾವ ಗುಡ್ಡದ ಮರದ್ದು ಎಂದು ಹೇಳುವುದಿಲ್ಲ. ಅದು ನಮ್ಮ ಹಾಡಿಯದ್ದೂ ಇರಬಹುದು, ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದೂ ಇರಬಹುದು. ಅದರಿಂದ ಯಾರಿಗೂ ಮೋಸವಿಲ್ಲ. ಏಕೆಂದರೆ ಆ ಸಂಖ್ಯೆ ಊರಿನ ಬಗ್ಗೆ ಯಾವ ಮಾತನ್ನೂ ಕೊಟ್ಟಿಲ್ಲ.

ಆದರೆ ಒಂದು ವಸ್ತು ಅಂಥ ಮಾತು ಕೊಟ್ಟರೆ? 'ಇದು ಇಂಥ ಒಂದೇ ತೋಟದ್ದು, ಬೇರೆ ಕಡೆಯದ್ದು ಒಂದು ಹನಿಯೂ ಇಲ್ಲ' ಎಂದು ಲೇಬಲ್ ಮೇಲೆ ಬರೆದು, ಆ ಒಂದು ಮಾತಿಗಾಗಿಯೇ ಎರಡು ಪಟ್ಟು ಬೆಲೆ ಕೇಳಿದರೆ? ಆ ಮಾತು ನಿಜವೇ ಎಂದು ನೋಡುವವರು ಯಾರು? ಈ ಪ್ರಶ್ನೆ ಈಗ ನಮ್ಮ ದೇಶದಲ್ಲಿ ಮುಖ್ಯವಾಗಿ ಏಳಬೇಕಾದದ್ದು ವೈನ್ ವಿಷಯದಲ್ಲಿ. 'ಸಿಂಗಲ್ ಎಸ್ಟೇಟ್' ಅಂದರೆ ಒಂದೇ ತೋಟದ ವೈನ್ ಎಂಬ ಪದಕ್ಕೆ ನಮ್ಮ ಕಾನೂನಿನಲ್ಲಿ ಅರ್ಥವೇ ಇಲ್ಲ.

ಗುಲ್ವಾಡಿಯಂಥ ಹಳ್ಳಿಯಲ್ಲಿ ಕುಳಿತು ವೈನ್ ಕಾನೂನಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಅನಿಸಬಹುದು. ಇಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ. ಈ ಮಳೆಗೆ ಬಳ್ಳಿ ಉಳಿಯುವುದೂ ಇಲ್ಲ. ಆದರೆ ಬೆಂಗಳೂರಿನ ಹೋಟೆಲು, ಬಾರ್ ಆಂಡ್ ರೆಸ್ಟೋರೆಂಟ್‌ಗಳಲ್ಲಿ ಕ್ಯಾಶಿಯರ್, ಸಪ್ಲೈಯರ್, ಮಾಲೀಕ ಎಂದು ದುಡಿಯುವವರಲ್ಲಿ ನಮ್ಮ ಕುಂದಾಪ್ರ ಕಡೆಯವರು ಎಷ್ಟು ಮಂದಿ ಎಂದು ಹೇಳಬೇಕಾಗಿಲ್ಲ. ಆ ಬಾಟಲಿಯನ್ನು ಮೇಜಿಗೆ ತಂದಿಡುವವರು ನಮ್ಮವರೇ. ಕುಡಿಯುವುದು ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆಯೇ ಚರ್ಚೆ, ಈ ಲೇಖನ ಯಾರಿಗೂ ಕುಡಿಯಲು ಹೇಳುತ್ತಿಲ್ಲ. ಇಲ್ಲಿರುವ ಪ್ರಶ್ನೆ ಬೆಳೆದವನ ಹೆಸರಿನದ್ದು, ಕೊಂಡವನ ನಂಬಿಕೆಯದ್ದು.

ಈಗಲೇ ಏಕೆ?

ಇಷ್ಟು ವರ್ಷ ಹೊರದೇಶದ ವೈನ್‌ಗೆ ನಮ್ಮಲ್ಲಿ ಶೇ 150ರಷ್ಟು ಆಮದು ಸುಂಕವಿತ್ತು. ಆ ಗೋಡೆಯ ಹಿಂದೆ ನಮ್ಮ ವೈನ್ ಉದ್ಯಮ ಬೆಳೆಯಿತು. ಈಗ ಗೋಡೆ ಒಂದೊಂದೇ ಕಲ್ಲು ಇಳಿಯುತ್ತಿದೆ. 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ಒಪ್ಪಂದದಲ್ಲಿ, 750 ಎಂಎಲ್ ಬಾಟಲಿಗೆ 5 ಡಾಲರ್‌ಗಿಂತ ಹೆಚ್ಚು ಆಮದು ಬೆಲೆಯ ವೈನ್ ಮೇಲಿನ ಸುಂಕ ಶೇ 150ರಿಂದ 100ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಅದು ಶೇ 50ಕ್ಕೆ ಬರುತ್ತದೆ. 15 ಡಾಲರ್‌ಗಿಂತ ಹೆಚ್ಚಿನದ್ದಕ್ಕೆ ಮೊದಲೇ ಶೇ 75ಕ್ಕೆ ಇಳಿಸಲಾಯಿತು, ಮುಂದೆ ಶೇ 25ಕ್ಕೆ ಬರಲಿದೆ. ಐರೋಪ್ಯ ಒಕ್ಕೂಟದ ಜತೆಗಿನ ವ್ಯಾಪಾರ ಒಪ್ಪಂದದ ಮಾತುಕತೆಯೂ 2026ರ ಜನವರಿಯಲ್ಲಿ ಮುಗಿದ ಘೋಷಣೆಯಾಗಿದೆ. ಅದರಲ್ಲೂ ವೈನ್ ಸುಂಕ ಹಂತ ಹಂತವಾಗಿ ಇಳಿಯುವುದಿದೆ.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ಐದು ಡಾಲರ್, ಹದಿನೈದು ಡಾಲರ್ ಎಂಬ ಈ ಗೆರೆಗಳು 'ಒಳ್ಳೆಯ' ವೈನ್ ಯಾವುದು, 'ಸಾಮಾನ್ಯ' ವೈನ್ ಯಾವುದು ಎಂದು ಬೇರ್ಪಡಿಸುತ್ತವೆ. ಅಗ್ಗದ ವೈನ್ ನುಗ್ಗಿ ನಮ್ಮ ಬೆಳೆಗಾರರನ್ನು ಮುಳುಗಿಸದಿರಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ಬೇರ್ಪಡಿಸಲು ಸಿಕ್ಕಿದ ಅಳತೆಗೋಲು ಬೆಲೆ ಮಾತ್ರ. ನಮ್ಮ ರಾಜ್ಯಗಳ ಅಬಕಾರಿ ಇಲಾಖೆಗಳು ಮದ್ಯದ ಮೇಲೆ ಹಾಕುವ ಸ್ಲ್ಯಾಬ್‌ಗಳೂ ಬಹುಪಾಲು ಬೆಲೆಯನ್ನೇ ನೋಡುತ್ತವೆ. ಅಂದರೆ ವೈನ್‌ಗೆ ದರ್ಜೆ ಎಂದು ನಮ್ಮ ಸರ್ಕಾರಗಳಿಗೆ ಗೊತ್ತಿರುವುದು ಅದರ ಬೆಲೆಯೊಂದೇ.

ಬೆಲೆಯಿಂದ ದರ್ಜೆ ಕೊಡುವುದು ನಾವೇ ಕಂಡುಹಿಡಿದ ಉಪಾಯವೇನಲ್ಲ. 1855ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನಕ್ಕಾಗಿ ಫ್ರಾನ್ಸಿನ ಬೋರ್ಡೊ ಪ್ರದೇಶದ ವೈನ್ ದಲ್ಲಾಳಿಗಳು ಮಾಡಿದ್ದೂ ಅದನ್ನೇ. ಯಾವ ತೋಟದ ವೈನ್ ಹೆಚ್ಚು ಬೆಲೆಗೆ ಹೋಗುತ್ತಿತ್ತೋ ಅದಕ್ಕೆ ಮೇಲಿನ ದರ್ಜೆ ಕೊಟ್ಟು ಪಟ್ಟಿ ಮಾಡಿದರು. ಆ ಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ಅದರೊಳಗೆ ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಏರಿದ ತೋಟ ಒಂದೇ, ಮೂತೋ ರೋಥ್‌ಶೀಲ್ಡ್. ಅದೂ 1973ರಲ್ಲಿ. ಒಮ್ಮೆ ಬೆಲೆ ನೋಡಿ ಬರೆದ ಪಟ್ಟಿ ಆಮೇಲೆ ತಾನೇ ಬೆಲೆ ನಿರ್ಧರಿಸತೊಡಗುತ್ತದೆ. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ.

ಬೇರೆಯವರು ಏನು ಮಾಡಿದರು?

ಒಂದೇ ತೋಟದ ವೈನ್‌ಗೆ ದೇಶದ ಕಾನೂನಿನಲ್ಲೇ ಪ್ರತ್ಯೇಕ ದರ್ಜೆ ಕೊಟ್ಟದ್ದು ಸ್ಪೇನ್. 2003ರ ಅಲ್ಲಿನ ವೈನ್ ಕಾಯ್ದೆಯಲ್ಲಿ 'ವಿನೋ ದೆ ಪಾಗೋ' ಎಂಬ ವರ್ಗವಿದೆ. 'ಪಾಗೋ' ಎಂದರೆ ಸುತ್ತಲಿನ ಜಾಗಕ್ಕಿಂತ ಬೇರೆಯಾದ ಮಣ್ಣು, ಹವೆ ಇರುವ, ತನ್ನದೇ ಹೆಸರಿನಿಂದ ಗುರುತಾಗಿರುವ ಒಂದು ನಿರ್ದಿಷ್ಟ ಸ್ಥಳ. ದ್ರಾಕ್ಷಿ ಪೂರ್ತಿ ಅಲ್ಲಿಯದೇ ಆಗಿರಬೇಕು. ಇಂಥ ಮಾನ್ಯತೆ ಪಡೆದ ತೋಟಗಳು ಇಂದು ಅಲ್ಲಿ ಇಪ್ಪತ್ತಕ್ಕೂ ಹೆಚ್ಚಿವೆ. ಮೊದಮೊದಲು ಮಾನ್ಯತೆ ಪಡೆದವುಗಳಲ್ಲಿ ಟೊಲೆಡೊ ಬಳಿಯ ದೊಮಿನಿಯೊ ದೆ ವಾಲ್ದೆಪೂಸಾ ಒಂದು. ಹೆಸರಾಂತ ವೈನ್ ಪ್ರದೇಶಗಳ ಗಡಿಯ ಹೊರಗಿದ್ದ ಈ ಎಸ್ಟೇಟಿಗೆ, ತನ್ನದೇ ಮಣ್ಣಿನ ಹೆಸರಿನಲ್ಲಿ ನಿಲ್ಲಲು ಕಾನೂನು ದಾರಿ ಮಾಡಿತು.

ಜರ್ಮನಿಯ ಕಥೆ ಇನ್ನೊಂದು ಬಗೆ. 1971ರ ಕಾನೂನು ಅಲ್ಲಿ ದರ್ಜೆಯನ್ನು ನಿರ್ಧರಿಸಿದ್ದು ಮುಖ್ಯವಾಗಿ ಕೊಯ್ಲಿನ ಹೊತ್ತಿಗೆ ದ್ರಾಕ್ಷಿಯಲ್ಲಿ ಎಷ್ಟು ಸಕ್ಕರೆ ಇದೆ ಎಂಬುದರ ಮೇಲೆ. ನಮ್ಮ ಗೇರುಬೀಜದ ಹಾಗೆ: ಅಳೆದು ನೋಡು, ಸಂಖ್ಯೆ ಕೊಡು. ಜತೆಗೆ ಸಾವಿರಾರು ಸಣ್ಣ ಸಣ್ಣ ತೋಟದ ಹೆಸರುಗಳನ್ನು ಒಟ್ಟುಗೂಡಿಸಿ ಸುಮಾರು 2,600ಕ್ಕೆ ಇಳಿಸಲಾಯಿತು. ಹಲವು ಊರುಗಳ ತೋಟ ಸೇರಿಸಿ ಮಾಡಿದ ದೊಡ್ಡ ಗುಂಪಿಗೂ ಒಂದೇ ತೋಟದಂತೆ ಕೇಳಿಸುವ ಹೆಸರು ಕೊಟ್ಟದ್ದರಿಂದ ಕೊಳ್ಳುವವರಿಗೆ ವ್ಯತ್ಯಾಸವೇ ತಿಳಿಯದಾಯಿತು. ಹೆಸರು ಕೇಳಿದರೆ ಒಂದು ದಿಬ್ಬ, ಒಳಗಿರುವುದು ಇಡೀ ಬಯಲಿನ ರಸ. ಅರ್ಧ ಶತಮಾನದ ನಂತರ, 2021ರಲ್ಲಿ, ಜರ್ಮನಿ ದಾರಿ ಬದಲಿಸಿತು. ಈಗ ಪ್ರದೇಶ, ಊರು, ತೋಟ ಎಂದು ಜಾಗ ಕಿರಿದಾದಷ್ಟೂ ನಿಯಮ ಬಿಗಿ. 2026ರ ಕೊಯ್ಲಿನಿಂದ ಅದು ಪೂರ್ತಿ ಅನ್ವಯವಾಗುತ್ತದೆ.

ಅಮೆರಿಕದಲ್ಲಿ ದರ್ಜೆಯ ಪಟ್ಟಿ ಇಲ್ಲ, ಆದರೆ ಪದಕ್ಕೆ ಲೆಕ್ಕವಿದೆ. ತಳಿಯ ಹೆಸರು ಬರೆಯಬೇಕೆಂದರೆ ಸಾಮಾನ್ಯವಾಗಿ ಕನಿಷ್ಠ ಶೇ 75 ಆ ತಳಿಯೇ ಇರಬೇಕು. ತೋಟದ ಹೆಸರು ಬರೆದರೆ ಶೇ 95 ಆ ತೋಟದ್ದೇ ಆಗಿರಬೇಕು. 'ಎಸ್ಟೇಟ್‌ನಲ್ಲೇ ತುಂಬಿಸಿದ್ದು' ಎಂದರೆ ನೂರಕ್ಕೆ ನೂರು. ಆಸ್ಟ್ರೇಲಿಯಾದಲ್ಲಿ ಊರು, ತಳಿ, ವರ್ಷ ಯಾವುದನ್ನು ಬರೆದರೂ ಶೇ 85 ನಿಜವಿರಬೇಕು, ಅದನ್ನು ತೋರಿಸುವ ದಾಖಲೆ ಇಟ್ಟಿರಬೇಕು, ಅಧಿಕಾರಿಗಳು ಬಂದು ಕೇಳಿದಾಗ ಕೊಡಬೇಕು.

ಸುಂಕ ಇಳಿದಂತೆ ನಮ್ಮ ಅಂಗಡಿಗಳ ಕಪಾಟಿಗೆ ಬರಲಿರುವ ಬಾಟಲಿಗಳು ಹೀಗೆ ಕಾನೂನಿನ ಬೆಂಬಲ ಇರುವ ಲೇಬಲ್ ಹೊತ್ತುಕೊಂಡು ಬರುತ್ತವೆ. ಅದರ ಪಕ್ಕದಲ್ಲಿ ನಿಲ್ಲುವ ನಮ್ಮ ಬಾಟಲಿಯ ಮೇಲೆ ಇರುವುದು ತಯಾರಕರ ಬಾಯಿಮಾತು.

ನಮ್ಮಲ್ಲಿ ಇರುವುದೇನು, ಇಲ್ಲದ್ದೇನು?

ಭಾರತದಲ್ಲಿ ಕಾನೂನೇ ಇಲ್ಲ ಎಂದಲ್ಲ. ಮೂರು ಕೈಗಳಲ್ಲಿ ಹಂಚಿಹೋಗಿದೆ.

ಒಂದು, ಆಹಾರ ಸುರಕ್ಷತೆ. ಮದ್ಯ ಪಾನೀಯಗಳ ಮಾನದಂಡಗಳನ್ನು ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಹೊರಡಿಸಿತು. 2019ರ ಏಪ್ರಿಲ್ 1ರಿಂದ ಅವು ಜಾರಿಯಲ್ಲಿವೆ. ವೈನ್‌ನ ಬಗೆಗಳು, ಅದರಲ್ಲಿ ಇರಬಹುದಾದ ಮದ್ಯಸಾರ, ಆಮ್ಲ, ಸಂರಕ್ಷಕಗಳ ಮಿತಿ, ಲೇಬಲ್ ಮೇಲೆ ಇರಬೇಕಾದ ಎಚ್ಚರಿಕೆ ಎಲ್ಲವೂ ಅಲ್ಲಿವೆ. 'ಸಿಂಗಲ್ ಮಾಲ್ಟ್' ವಿಸ್ಕಿ ಎಂದರೇನು ಎಂಬ ವ್ಯಾಖ್ಯೆಯೂ ಇದೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಗಿ ಹೆಸರು ಮಾಡಿದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್‌ನಂಥ ಉತ್ಪನ್ನಗಳು ಇರುವಾಗ ಅಂಥ ವ್ಯಾಖ್ಯೆ ಬೇಕೇ ಬೇಕಿತ್ತು. ಆದರೆ ವೈನ್‌ನ 'ಎಸ್ಟೇಟ್', 'ಸಿಂಗಲ್ ಎಸ್ಟೇಟ್' ಪದಗಳಿಗೆ ಅಂಥ ವ್ಯಾಖ್ಯೆ ಸಿಕ್ಕಿಲ್ಲ. ಬಾಟಲಿಯ ಒಳಗಿರುವುದು ದೇಹಕ್ಕೆ ಅಪಾಯವೇ ಎಂದು ಈ ನಿಯಮ ನೋಡುತ್ತದೆ. ಎಲ್ಲಿಂದ ಬಂತು ಎಂದು ತೋಟದವರೆಗೆ ಬೆನ್ನು ಹತ್ತುವುದಿಲ್ಲ.

ಎರಡು, ರಾಜ್ಯಗಳ ಅಬಕಾರಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮದ್ಯ ರಾಜ್ಯಗಳ ಪಟ್ಟಿಯಲ್ಲಿದೆ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ತಯಾರಿಕೆಯ ಪರವಾನಗಿ, ಸಾಗಣೆ, ಮಾರಾಟ, ತೆರಿಗೆ ಎಲ್ಲವೂ ರಾಜ್ಯದ್ದು. ಒಂದು ಲೀಟರ್ ರಸ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ಅಬಕಾರಿ ಇಲಾಖೆಯಷ್ಟು ಕಟ್ಟುನಿಟ್ಟಾಗಿ ಬರೆದಿಡುವ ಇಲಾಖೆ ಮತ್ತೊಂದಿಲ್ಲ. ಆದರೆ ಆ ಲೆಕ್ಕ ತೆರಿಗೆಗಾಗಿ, ಗುಣಕ್ಕಾಗಿ ಅಲ್ಲ.

ಮೂರು, ಜಿಐ ಟ್ಯಾಗ್ ಎಂದು ನಾವೆಲ್ಲ ಕರೆಯುವ ಭೌಗೋಳಿಕ ಸೂಚಕ ಮಾನ್ಯತೆ. 1999ರ ಕಾಯ್ದೆ, 2003ರಿಂದ ಜಾರಿ, ನೋಂದಣಿ ಕಚೇರಿ ಚೆನ್ನೈಯಲ್ಲಿ. ಮಹಾರಾಷ್ಟ್ರದ 'ನಾಸಿಕ್ ವ್ಯಾಲಿ ವೈನ್'ಗೆ ಇದು ಸಿಕ್ಕಿದೆ. ಗೋವಾದ ಗೇರುಹಣ್ಣಿನ ಫೆನಿಗೆ 2009ರಲ್ಲಿ ಸಿಕ್ಕಿತು. ನಮ್ಮ 'ಬೆಂಗಳೂರು ಬ್ಲೂ' ದ್ರಾಕ್ಷಿಗೂ ಇದೆ. ಆದರೆ ಜಿಐ ಕಾಯುವುದು ಒಂದು ಪ್ರದೇಶದ ಹೆಸರನ್ನು, ಒಂದು ತೋಟದ್ದನ್ನಲ್ಲ. ಅದು ಆ ಪ್ರದೇಶದ ಬೆಳೆಗಾರರೆಲ್ಲರ ಸಾಮೂಹಿಕ ಆಸ್ತಿ. ಅದರೊಳಗೆ ಈ ತೋಟ, ಆ ತೋಟ ಎಂಬ ಮೆಟ್ಟಿಲುಗಳಿಲ್ಲ.

ಸುಳ್ಳು ಲೇಬಲ್ ಹಾಕಿದರೆ ಶಿಕ್ಷೆ ಇಲ್ಲವೇ ಎಂದು ಕೇಳಬಹುದು. ಇದೆ. ಆಹಾರ ಸುರಕ್ಷತಾ ಕಾಯ್ದೆಯಲ್ಲೂ ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಆದರೆ 'ಸಿಂಗಲ್ ಎಸ್ಟೇಟ್' ಎಂದರೆ ನೂರಕ್ಕೆ ನೂರೋ, ತೊಂಬತ್ತೋ, ಎಪ್ಪತ್ತೋ? ಬೇರೆ ಊರಿನಲ್ಲಿ ಮಾಲೀಕನಿಗೇ ಇರುವ ಇನ್ನೊಂದು ತೋಟದ ದ್ರಾಕ್ಷಿ ಸೇರಿಸಬಹುದೋ? ಗುತ್ತಿಗೆಗೆ ಪಡೆದ ಜಮೀನು ಎಸ್ಟೇಟಿನ ಲೆಕ್ಕಕ್ಕೆ ಬರುತ್ತದೋ? ಅಳತೆಯೇ ಇಲ್ಲದ ಪದಕ್ಕೆ ಸುಳ್ಳು ಹೇಳಿದರೆಂದು ಸಾಬೀತು ಮಾಡುವುದು ಹೇಗೆ?

ಕರ್ನಾಟಕದ ಪಾಲು

ದೇಶದಲ್ಲಿ ವೈನ್ ತಯಾರಿಕೆಯಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮದು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಶುರುವಾಯಿತು. ಫ್ರೆಂಚ್ ತಳಿಗಳನ್ನು ನೆಟ್ಟು ಅಲ್ಲಿಯೇ ವೈನ್ ಮಾಡುವ ಪ್ರಯತ್ನವದು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿ ತಂದಿತು, ದ್ರಾಕ್ಷಾರಸ ಮಂಡಳಿಯನ್ನೂ ಸ್ಥಾಪಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂದು ಪ್ರದೇಶಗಳನ್ನೂ ಗುರುತಿಸಿತು. ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಮಾ ಎಸ್ಟೇಟ್ಸ್‌ನಂಥವು ಸ್ವಂತ ತೋಟದ ದ್ರಾಕ್ಷಿಯ ವೈನ್ ಎಂಬ ಹೆಸರಿನಲ್ಲೇ ಮಾರುಕಟ್ಟೆಯಲ್ಲಿ ನಿಂತಿವೆ.

ಇವರು ಹೇಳುವುದನ್ನು ಅನುಮಾನಿಸಲು ನನ್ನ ಬಳಿ ಯಾವ ಕಾರಣವೂ ಇಲ್ಲ. ವಿಷಯ ಅದಲ್ಲ. ನಿಜ ಹೇಳುವವನಿಗೇ ಕಾನೂನಿನ ಅಗತ್ಯ ಹೆಚ್ಚು. ಒಂದು ತೋಟವನ್ನು ವರ್ಷಗಟ್ಟಲೆ ನೋಡಿಕೊಂಡು, ಇಳುವರಿ ಕಡಿಮೆ ಮಾಡಿ, ಒಳ್ಳೆಯ ಗೊಂಚಲು ಮಾತ್ರ ಉಳಿಸಿಕೊಂಡು ವೈನ್ ಮಾಡಿದವನ ಬಾಟಲಿಯ ಪಕ್ಕದಲ್ಲೇ, ನಾಲ್ಕು ಜಿಲ್ಲೆಯ ದ್ರಾಕ್ಷಿ ಸುರಿದು 'ಎಸ್ಟೇಟ್' ಎಂದು ಬರೆದ ಬಾಟಲಿ ಬಂದು ಕೂತರೆ ನಷ್ಟ ಯಾರಿಗೆ?

ಹೆಸರು ಕಾಯುವುದರಲ್ಲಿ ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದ್ದೇ ಒಂದು ಮೊಕದ್ದಮೆ ಸಾಕ್ಷಿ. ಖೋಡೆ ಡಿಸ್ಟಿಲರೀಸ್ 1968ರಿಂದ 'ಪೀಟರ್ ಸ್ಕಾಟ್' ಎಂಬ ವಿಸ್ಕಿ ತಯಾರಿಸುತ್ತಿತ್ತು. 'ಸ್ಕಾಟ್' ಎಂಬ ಪದ ಸ್ಕಾಚ್ ಎಂಬ ಭಾವನೆ ಹುಟ್ಟಿಸುತ್ತದೆ ಎಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ತೆಗೆಯಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ 2008ರಲ್ಲಿ ಖೋಡೆ ಪರವಾಗಿ ತೀರ್ಪಾಯಿತು. ಮುಖ್ಯ ಕಾರಣಗಳಲ್ಲಿ ಒಂದು: ಹೆಸರಿನ ವಿಷಯ ಗೊತ್ತಿದ್ದೂ ಅಸೋಸಿಯೇಷನ್ ವರ್ಷಗಟ್ಟಲೆ ಸುಮ್ಮನಿತ್ತು. ಜಗತ್ತಿನಲ್ಲೇ ಬಲಿಷ್ಠವಾದ ಒಂದು ಸಂಘಕ್ಕೇ ಹೀಗಾದರೆ, ವಿಜಯಪುರದ ಅಥವಾ ಚಿಕ್ಕಬಳ್ಳಾಪುರದ ಐದು ಎಕರೆ ಬೆಳೆಗಾರ ಮುಂದೊಂದು ದಿನ ತನ್ನ ತೋಟದ ಹೆಸರಿಗಾಗಿ ಕೋರ್ಟಿಗೆ ಹೋಗಿ ಗೆಲ್ಲುವನೇ? ಪದ ಸವೆದುಹೋಗುವ ಮುಂಚೆಯೇ ಅದಕ್ಕೆ ಬೇಲಿ ಹಾಕಬೇಕು.

ಒಂದು ರಾಶಿಯಲ್ಲಿ ಕಳೆದುಹೋದ ಹೆಸರು

ತೋಟದ ಹೆಸರು ಕಳೆದುಹೋಗಿ ಮತ್ತೆ ಸಿಕ್ಕ ಕಥೆ ನಮ್ಮ ಘಟ್ಟದ ಮೇಲೇ ಇದೆ. 1942ರ ಕಾಫಿ ಕಾಯ್ದೆಯ ಅಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಚಿಕ್ಕಮಗಳೂರಿನದ್ದಾಗಲಿ, ಕೊಡಗಿನದ್ದಾಗಲಿ, ದರ್ಜೆ ಪ್ರಕಾರ ವಿಂಗಡಿಸಿ ಒಂದೇ ರಾಶಿಗೆ ಸೇರಿಸಿ ಮಂಡಳಿಯೇ ಮಾರುತ್ತಿತ್ತು. ಬೆಲೆ ಕುಸಿದ ಕಾಲದಲ್ಲಿ ಸಣ್ಣ ಬೆಳೆಗಾರರನ್ನು ಇದು ಉಳಿಸಿತು, ಅದನ್ನು ಮರೆಯಬಾರದು. ಆದರೆ ಒಳ್ಳೆಯ ಕಾಫಿ ಮಾಡಿದವನ ಹೆಸರು ರಾಶಿಯಲ್ಲಿ ಮುಳುಗಿತು. 1990ರ ದಶಕದಲ್ಲಿ ಪೂಲ್ ವ್ಯವಸ್ಥೆ ಹಂತ ಹಂತವಾಗಿ ಸಡಿಲಾಯಿತು. ಇಂದು ಪೊಟ್ಟಣದ ಮೇಲೆ ಎಸ್ಟೇಟಿನ ಹೆಸರು ಓದುವುದು ಸಾಮಾನ್ಯವಾಗಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಜಿಐ ಟ್ಯಾಗ್ ಕೂಡ ಬಂತು.

ಆದರೆ ಈ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಹೆಸರು ಮಾಡಿದ್ದು ಹೆಚ್ಚಾಗಿ ದೊಡ್ಡ ಎಸ್ಟೇಟುಗಳು. ಸ್ವಂತ ಪಲ್ಪರ್, ಸ್ವಂತ ಕಣ, ಸ್ವಂತ ಗೋದಾಮು ಇದ್ದವರಿಗೆ ತಮ್ಮ ಕಾಫಿಯನ್ನು ಬೇರೆ ಇಡಲು ಸಾಧ್ಯ. ಎರಡು ಎಕರೆಯವನ ಕಾಫಿ ಇಂದಿಗೂ ವ್ಯಾಪಾರಿಯ ಗೋದಾಮಿನಲ್ಲಿ ಹತ್ತು ಜನರ ಕಾಫಿಯ ಜತೆ ಸೇರುತ್ತದೆ.

ವೈನ್ ವಿಷಯದಲ್ಲೂ ಅಪಾಯ ಇದೇ. ಸ್ಪೇನಿನ 'ಪಾಗೋ' ಮಾದರಿ ತೋಟವೂ ತನ್ನದು, ವೈನರಿಯೂ ತನ್ನದು ಎನ್ನುವ ಮಾಲೀಕನಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿ ವೈನ್ ದ್ರಾಕ್ಷಿ ಬೆಳೆಯುವವರಲ್ಲಿ ಅನೇಕರು ವೈನರಿಗಳ ಜತೆ ಕರಾರು ಮಾಡಿಕೊಂಡ ಸಣ್ಣ ರೈತರು. ಕಾನೂನು 'ಎಸ್ಟೇಟ್' ಎಂಬ ಪದವನ್ನು ಮಾತ್ರ ಕಾಯ್ದರೆ ದೊಡ್ಡವರ ತೋಟಕ್ಕೆ ಕಿರೀಟ ಬರುತ್ತದೆ, ರೈತನ ದ್ರಾಕ್ಷಿ 'ಇತರೆ' ಎಂಬ ರಾಶಿಗೆ ಬೀಳುತ್ತದೆ. ಕರಾರಿನ ರೈತನ ಸ್ಥಿತಿ ಎಷ್ಟು ನಾಜೂಕು ಎಂಬುದನ್ನು 2008-09ರ ಆರ್ಥಿಕ ಹಿಂಜರಿತದ ನಂತರ ಮಹಾರಾಷ್ಟ್ರ ನೋಡಿದೆ. ವೈನರಿಗಳು ಖರೀದಿ ನಿಲ್ಲಿಸಿದಾಗ ಅನೇಕ ರೈತರು ಬಳ್ಳಿ ಕಿತ್ತು ಹಾಕಬೇಕಾಯಿತು. ವೈನ್ ದ್ರಾಕ್ಷಿಯನ್ನು ಮಂಡಿಗೆ ಒಯ್ದು ತಿನ್ನುವ ದ್ರಾಕ್ಷಿಯ ಹಾಗೆ ಮಾರಲಾಗುವುದಿಲ್ಲ. ಆ ರೈತನ ತೋಟಕ್ಕೆ ತನ್ನದೇ ಹೆಸರಿದ್ದಿದ್ದರೆ ಇನ್ನೊಂದು ವೈನರಿಯ ಬಾಗಿಲು ತಟ್ಟಲು ಅವನ ಕೈಯಲ್ಲಿ ಏನಾದರೂ ಇರುತ್ತಿತ್ತು.

ಸ್ಪೇನಿನಲ್ಲೇ ಇದಕ್ಕೆ ಇನ್ನೊಂದು ಉತ್ತರವೂ ಇದೆ. ರಿಯೋಹಾ ಎಂಬ ಪ್ರದೇಶ 2017ರಲ್ಲಿ 'ವಿನ್ಯೇದೊ ಸಿಂಗುಲಾರ್' ಎಂಬ ವರ್ಗ ತಂದಿತು. ಇದು ನೋಡುವುದು ಎಸ್ಟೇಟನ್ನಲ್ಲ, ಜಮೀನಿನ ತುಂಡನ್ನು. ಬಳ್ಳಿಗೆ ಕನಿಷ್ಠ 35 ವರ್ಷ ಆಗಿರಬೇಕು. ಕೆಂಪು ದ್ರಾಕ್ಷಿಯ ಇಳುವರಿ ಹೆಕ್ಟೇರಿಗೆ 5,000 ಕಿಲೊ ಮೀರಬಾರದು, ಅಂದರೆ ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು ಎರಡು ಟನ್. ಕೈಯಿಂದಲೇ ಕೊಯ್ಯಬೇಕು. ದರ್ಜೆ ಸಿಗುವುದು ಮಾಲೀಕನ ಹೆಸರಿಗಲ್ಲ, ಆ ನೆಲಕ್ಕೆ.

ಪಹಣಿಯೇ ಸಾಕ್ಷಿಯಾಗಲಿ

ಹಾಗಾದರೆ ನಮ್ಮಲ್ಲಿ ಏನು ಮಾಡಬಹುದು? ಹೊಸ ಮಂಡಳಿ, ಹೊಸ ಕಟ್ಟಡ, ಹೊಸ ಅಧಿಕಾರಿಗಳು ಬೇಕಿಲ್ಲ. ಬೇಕಾದ ಕಾಗದಗಳೆಲ್ಲ ಬೇರೆ ಬೇರೆ ಕಪಾಟುಗಳಲ್ಲಿ ಆಗಲೇ ಇವೆ.

ಒಂದು ತೋಟ ಎಂದರೇನು? ನಮ್ಮಲ್ಲಿ ಅದಕ್ಕೆ ಸರ್ವೆ ನಂಬರ್ ಇದೆ. ಎಷ್ಟು ವಿಸ್ತೀರ್ಣ, ಯಾರ ಹೆಸರಿನಲ್ಲಿದೆ, ಏನು ಬೆಳೆ ಎಂದು ಪಹಣಿ ಹೇಳುತ್ತದೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಜಮೀನಿನಲ್ಲೇ ನಿಂತು ತೆಗೆದ ಫೋಟೊ ಸಹಿತ ಬೆಳೆ ದಾಖಲಾಗುತ್ತದೆ. ಇನ್ನೊಂದು ತುದಿಯಲ್ಲಿ, ವೈನರಿಯಿಂದ ಎಷ್ಟು ಲೀಟರ್ ಹೊರಬಿತ್ತು ಎಂದು ಅಬಕಾರಿ ಇಲಾಖೆಯ ಲೆಕ್ಕ ಹೇಳುತ್ತದೆ. ಈ ಎರಡು ತುದಿಯನ್ನು ಗಂಟು ಹಾಕುವ ಕೆಲಸವೊಂದೇ ಬಾಕಿ. ಅದನ್ನು ದ್ರಾಕ್ಷಾರಸ ಮಂಡಳಿ ಮಾಡಬಹುದು.

ಲೆಕ್ಕ ಶಾಲೆಯ ಹುಡುಗರಿಗೂ ಬರುವಂಥದ್ದು. ಒಂದು ಟನ್ ದ್ರಾಕ್ಷಿಯಿಂದ ಸುಮಾರು 600ರಿಂದ 700 ಲೀಟರ್ ವೈನ್ ಸಿಗುತ್ತದೆ. ಎಕರೆಗೆ ನಾಲ್ಕು ಟನ್ ಎಂದು ಇಟ್ಟುಕೊಂಡರೆ 2,400ರಿಂದ 2,800 ಲೀಟರ್, ಅಂದರೆ 750 ಎಂಎಲ್‌ನ ಸುಮಾರು 3,200ರಿಂದ 3,700 ಬಾಟಲಿ. ಒಂದು ಎಕರೆಯ ಹೆಸರು ಹೊತ್ತು ಹತ್ತು ಸಾವಿರ ಬಾಟಲಿ ಮಾರುಕಟ್ಟೆಗೆ ಬಂದರೆ, ರುಚಿ ನೋಡುವ ಪಂಡಿತರನ್ನು ಕರೆಸುವ ಅಗತ್ಯವೇ ಇಲ್ಲ. ಗುಣಾಕಾರವೇ ಸುಳ್ಳು ಹಿಡಿಯುತ್ತದೆ.

ಇದರ ಮೇಲೆ ಮೂರು ಮೆಟ್ಟಿಲು ಕಟ್ಟಬಹುದು. ಮೊದಲನೆಯದು ಪ್ರದೇಶ: ನಂದಿ ಕಣಿವೆ, ಕೃಷ್ಣಾ ಕಣಿವೆ. ಕನಿಷ್ಠ ಶೇ 85 ಅಲ್ಲಿಯದೇ ಆಗಿರಬೇಕು, ಅದಕ್ಕೆ ಜಿಐ ಪಡೆಯಬೇಕು. ಎರಡನೆಯದು ತೋಟ: ಸರ್ವೆ ನಂಬರ್‌ನಿಂದ ಗುರುತಾದ ಒಂದು ಜಮೀನು, ಶೇ 95 ಅಲ್ಲಿಯದು, ಎಕರೆಗೆ ಇಳುವರಿಯ ಮಿತಿ. ಈ ಮೆಟ್ಟಿಲಿನಲ್ಲಿ ವೈನರಿ ಬೇರೆಯವರದ್ದಾದರೂ ಲೇಬಲ್ ಮೇಲೆ ಬೆಳೆಗಾರನ ಹೆಸರು ಮತ್ತು ಊರು ಕಡ್ಡಾಯ. ಮೂರನೆಯದು ಸಿಂಗಲ್ ಎಸ್ಟೇಟ್: ಬೆಳೆದದ್ದು, ಹಿಂಡಿದ್ದು, ತುಂಬಿಸಿದ್ದು ಎಲ್ಲ ಒಂದೇ ಕಡೆ, ನೂರಕ್ಕೆ ನೂರು. ಎರಡನೆಯ ಮೆಟ್ಟಿಲು ಇಲ್ಲದೆ ಮೂರನೆಯದನ್ನು ಮಾತ್ರ ತರಬಾರದು. ರೈತನಿಗೆ ಹತ್ತಲು ಇರುವ ಮೆಟ್ಟಿಲು ಅದೊಂದೇ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ನಮ್ಮ ಉದ್ಯಮ ಇನ್ನೂ ಎಳೆಯದು, ಈಗಲೇ ನಿಯಮದ ಭಾರ ಹೇರಿದರೆ ಬೆಳವಣಿಗೆ ಕುಂಠಿತವಾಗುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಪ್ರತಿ ರಾಜ್ಯದಲ್ಲೂ ಪ್ರತ್ಯೇಕವಾಗಿ ಲೇಬಲ್ ನೋಂದಾಯಿಸಿ, ಶುಲ್ಕ ಕಟ್ಟಿ ಸುಸ್ತಾಗಿರುವ ಸಣ್ಣ ವೈನರಿಗಳಿಗೆ ಇನ್ನೊಂದು ಅರ್ಜಿ ಯಾರಿಗೆ ಬೇಕು? ಆದ್ದರಿಂದಲೇ ಈ ಮೆಟ್ಟಿಲುಗಳು ಕಡ್ಡಾಯವಾಗಬಾರದು. ಸುಮ್ಮನೆ 'ವೈನ್' ಎಂದು ಮಾರುವವರು ಹಾಗೆಯೇ ಮಾರಲಿ. ದೊಡ್ಡ ಪದ ಬಳಸುವವರು ಮಾತ್ರ ದಾಖಲೆ ತೋರಿಸಲಿ. ಮದ್ಯ ರಾಜ್ಯದ ವಿಷಯ, ಕೇಂದ್ರ ಹೇಗೆ ಕಾನೂನು ಮಾಡುತ್ತದೆ ಎನ್ನುವವರೂ ಇದ್ದಾರೆ. ಪದದ ವ್ಯಾಖ್ಯೆ ಕೇಂದ್ರದ ಆಹಾರ ನಿಯಮದಲ್ಲಿ ಇರಲಿ, ಸಿಂಗಲ್ ಮಾಲ್ಟ್‌ಗೆ ಇರುವ ಹಾಗೆ. ತಪಾಸಣೆ ರಾಜ್ಯದ ಕೈಯಲ್ಲಿರಲಿ. ಕೇಂದ್ರ ತಡ ಮಾಡಿದರೆ ಕರ್ನಾಟಕವೇ ತನ್ನ ನೀತಿಯಲ್ಲಿ ಮೊದಲ ಹೆಜ್ಜೆ ಇಡಬಹುದು. ಐರೋಪ್ಯ ಒಕ್ಕೂಟದೊಂದಿಗೆ ಭೌಗೋಳಿಕ ಸೂಚಕಗಳ ಬಗ್ಗೆ ಪ್ರತ್ಯೇಕ ಮಾತುಕತೆ 2022ರಲ್ಲೇ ಶುರುವಾಗಿದೆ. ಅವರು ತಮ್ಮ ಊರುಗಳ ಹೆಸರಿನ ಉದ್ದ ಪಟ್ಟಿ ಹಿಡಿದು ಮೇಜಿಗೆ ಬರುವಾಗ, ನಮ್ಮ ಕೈಯಲ್ಲೂ ಕಾವಲಿರುವ ಕೆಲವು ಹೆಸರು ಇರಬೇಕಲ್ಲವೇ?

ಕರಾವಳಿಗೂ ಪಾಠ

ಊರಿನ ಹೆಸರಿನ ತೂಕ ನಮಗೆ ಗೊತ್ತಿಲ್ಲದ್ದೇನಲ್ಲ. 1899ರಲ್ಲಿ 'ಇಂದಿರಾಬಾಯಿ' ಕಾದಂಬರಿ ಬರೆದವರನ್ನು ಇವತ್ತಿಗೂ ಗುಲ್ವಾಡಿ ವೆಂಕಟರಾಯರು ಎಂದೇ ಕರೆಯುತ್ತೇವೆ. ಕಟಪಾಡಿ ಬಳಿಯ ಮಟ್ಟು ಎಂಬ ಪುಟ್ಟ ಊರಿನ ಬದನೆಗೆ 2011ರಲ್ಲಿ ಜಿಐ ಟ್ಯಾಗ್ ಬಂತು. ಮಟ್ಟು ಗುಳ್ಳ ಕೇಳಿ ತೆಗೆದುಕೊಳ್ಳುವವರು ಇಂದು ಬೆಂಗಳೂರು, ಮುಂಬೈಗಳಲ್ಲೂ ಇದ್ದಾರೆ. ಶಂಕರಪುರದ ಮಲ್ಲಿಗೆಯದ್ದೂ ಅದೇ ಕಥೆ. ಆದರೆ ಟ್ಯಾಗ್ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಂತೆಯಲ್ಲಿ ಬೇರೆ ಊರಿನ ಹಸಿರು ಬದನೆಯನ್ನೂ 'ಗುಳ್ಳ' ಎಂದು ಕೂಗಿ ಮಾರಿದರೆ ತಡೆಯುವವರು ಯಾರು? ಪ್ರಮಾಣಪತ್ರ ಕಚೇರಿಯ ಗೋಡೆಯ ಮೇಲಿದ್ದು ಪರಿಶೀಲನೆ ಸಂತೆಯಲ್ಲಿ ಇಲ್ಲದಿದ್ದರೆ, ಬೆಳೆದವನ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಹಾಗೆಯೇ ನಮ್ಮ ಗೇರುತೋಪುಗಳಲ್ಲಿ ಪ್ರತಿ ಬೇಸಿಗೆಯಲ್ಲಿ ಬೀಜ ತಿರುಚಿಕೊಂಡ ಮೇಲೆ ರಾಶಿ ರಾಶಿ ಹಣ್ಣು ಮರದಡಿಯೇ ಕೊಳೆಯುತ್ತದೆ. ಗೋವಾ ಅದೇ ಹಣ್ಣಿಗೆ ಹೆಸರು ಕೊಟ್ಟಿತು, ಕಾನೂನಿನ ಕಾವಲು ಕೊಟ್ಟಿತು. ನಾವು ಅದರಿಂದ ಜ್ಯೂಸ್ ಮಾಡುತ್ತೇವೋ, ಜಾಮ್ ಮಾಡುತ್ತೇವೋ, ವೈನ್ ಮಾಡುತ್ತೇವೋ ಎಂಬುದು ಆಮೇಲಿನ ಮಾತು. ಯಾವುದನ್ನು ಮಾಡಿದರೂ ಒಂದು ದಿನ ಅದರ ಲೇಬಲ್ ಮೇಲೆ ಬೈಂದೂರು, ವಂಡ್ಸೆ, ಗುಲ್ವಾಡಿ ಎಂದು ಬರೆಯುವ ಕಾಲ ಬಂದರೆ, ಆ ಹೆಸರನ್ನು ಕಾಯುವ ಕಾನೂನು ಆಗಲೇ ಸಿದ್ಧವಿರಬೇಕು.

ಈ ಪುಟ ಓದುವವರಲ್ಲಿ ಕಾನೂನು ಓದುತ್ತಿರುವವರಿದ್ದೀರಿ, ಕೃಷಿ, ತೋಟಗಾರಿಕೆ, ಆಹಾರ ವಿಜ್ಞಾನ ಓದುತ್ತಿರುವವರಿದ್ದೀರಿ, ಹೋಟೆಲಿನಲ್ಲಿ ದುಡಿಯುತ್ತಿರುವವರೂ ಇದ್ದೀರಿ. ಮುಂದಿನ ಸಲ ಕಾಫಿಯದ್ದಾಗಲಿ, ಜೇನಿನದ್ದಾಗಲಿ, ವೈನ್‌ನದ್ದಾಗಲಿ ಲೇಬಲ್ ಮೇಲೆ 'ಒಂದೇ ತೋಟದ್ದು' ಎಂದು ಕಂಡರೆ ಎರಡು ಪ್ರಶ್ನೆ ಕೇಳಿ. ಯಾವ ಊರಿನ ತೋಟ? ಬೆಳೆದವರು ಯಾರು? ಉತ್ತರ ಕೊಡಲಾಗದವರು ಆ ಪದ ಬಳಸದಂತೆ ಮಾಡುವ ನಿಯಮ ಬರುವವರೆಗೆ, ಈ ಪ್ರಶ್ನೆಗಳನ್ನು ಕೇಳುವ ಕೆಲಸ ಕೊಳ್ಳುವವರ ಮೇಲೆಯೇ ಇದೆ.